ಹೋಟೆಲ್ ಕೋಣೆಯ ಮೊದಲ ಹತ್ತು ನಿಮಿಷ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಹಿಂದೆ ಒಬ್ಬರು ಹಜ್ಜ್‌ಗೆ ಹೊರಟರೆ ಇಡೀ ಮೊಹಲ್ಲಾ ಬಂದು ಹಾರ ಹಾಕಿ ಕಳಿಸುತ್ತಿತ್ತು. ಈಗ ಉಮ್ರಾ ಮನೆಮಂದಿಯೆಲ್ಲ ಸೇರಿ ಮಾಡುವ ಪ್ರಯಾಣವಾಗಿದೆ. ಚೀಟಿ ಎತ್ತಿ, ಕುರಿ ಮಾರಿ, ಕೊಲ್ಲಿಯಲ್ಲಿರುವ ಮಗ ಕಳಿಸಿದ ದುಡ್ಡು ಸೇರಿಸಿ, ದಾದಿಯಿಂದ ಹಿಡಿದು ಮೊಮ್ಮಗುವಿನವರೆಗೆ ಎಲ್ಲರೂ ಹದಿನೈದು ದಿನದ ಪ್ಯಾಕೇಜಿನಲ್ಲಿ ಹೊರಡುತ್ತಾರೆ. ಬಹಳ ಮಂದಿಗೆ ಅದೇ ಮೊದಲ ವಿಮಾನ, ಅದೇ ಮೊದಲ ಪರದೇಶ. ಎಷ್ಟೋ ಹೆಣ್ಣುಮಕ್ಕಳಿಗೆ ಅದೇ ಮೊದಲ ಹೋಟೆಲ್ ಕೋಣೆ.

ದುಆ ಪುಸ್ತಕ, ಇಹ್ರಾಮ್ ಬಟ್ಟೆ, ಬೆಲ್ಟು, ಕಡ್ಲೆಬೀಜದ ಚಟ್ನಿಪುಡಿ ಎಲ್ಲವೂ ತಿಂಗಳ ಮುಂಚೆಯೇ ಸಿದ್ಧವಾಗುತ್ತವೆ. ಹೋಟೆಲಿನ ಬಗ್ಗೆ ಮಾತ್ರ ನೀವು ಏಜೆಂಟರನ್ನು ಕೇಳುವ ಪ್ರಶ್ನೆ ಒಂದೇ: ಹರಮ್‌ಗೆ ಹತ್ತಿರ ಇದೆಯಾ? ಅವರೂ ಹತ್ತಿರ ಎನ್ನುತ್ತಾರೆ. ಅಲ್ಲಿಗೆ ಹೋದ ಮೇಲೆ ತಿಳಿಯುತ್ತದೆ, ಆ ಹತ್ತಿರದಲ್ಲಿ ಒಂದು ದಿಣ್ಣೆ ಇದೆ, ಎರಡು ರಸ್ತೆ ದಾಟಬೇಕು, ಇಡೀ ಕಟ್ಟಡಕ್ಕೆ ಎರಡೇ ಲಿಫ್ಟು, ಕೋಣೆಯಲ್ಲಿ ಐದು ಮಂಚ, ಕಮೋಡಿನಿಂದ ನೀರು ಸೋರುತ್ತಿದೆ.

ಆಗ ಗುಂಪಿನ ಹಿರಿಯರೊಬ್ಬರು ಹೇಳುವ ಮಾತು ನಿಮಗೂ ಗೊತ್ತಿರಬಹುದು. "ಸಬರ್ ಮಾಡಿ, ಇಬಾದತ್‌ಗೆ ಬಂದಿದ್ದೇವೆ, ದೂರು ಹೇಳಿದರೆ ಸವಾಬ್ ಕಡಿಮೆಯಾಗುತ್ತದೆ." ಸಬರ್ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ತವಾಫ್‌ನ ನೂಕುನುಗ್ಗಲಿಗೆ, ವಿಮಾನದ ವಿಳಂಬಕ್ಕೆ, ಬಿಸಿಲಿಗೆ ಸಬರ್ ಬೇಕೇ ಬೇಕು. ಆದರೆ ಒಂದು ಫೋನ್ ಮಾಡಿದರೆ ಬದಲಾಗುವ ಕೊಳಕು ಹಾಸಿಗೆಯ ಮೇಲೆ ಎಪ್ಪತ್ತು ವರ್ಷದ ಅಮ್ಮಿಯನ್ನು ಹತ್ತು ರಾತ್ರಿ ಮಲಗಿಸುವುದು ಸಬರ್ ಅಲ್ಲ, ಸಂಕೋಚ. ನಿಮ್ಮ ಸಂಕೋಚಕ್ಕೆ ಬೆಲೆ ತೆರುವವರು ಮನೆಯ ಹಿರಿಯರು ಮತ್ತು ಮಕ್ಕಳು.

ಮಲಗುವ ಜಾಗ ಆರೋಗ್ಯಕ್ಕೆ ಎಷ್ಟು ಮುಖ್ಯ ಎಂಬುದಕ್ಕೆ 2024ರ ಹಜ್ಜ್ ನೆನೆಯಬೇಕು. ಆ ಜೂನ್‌ನಲ್ಲಿ ಮಕ್ಕಾದ ಹರಮ್ ಬಳಿ ಉಷ್ಣಾಂಶ 51.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಆ ಹಜ್ಜ್‌ನಲ್ಲಿ 1,301 ಮಂದಿ ತೀರಿಕೊಂಡರೆಂದು ಸೌದಿ ಸರಕಾರ ಪ್ರಕಟಿಸಿತು. ಅವರಲ್ಲಿ ನೂರಕ್ಕೆ 83 ಮಂದಿ ಅನುಮತಿ ಇಲ್ಲದೆ ಬಂದವರು. ನೆರಳಿಲ್ಲದೆ, ತಂಗಲು ಜಾಗವಿಲ್ಲದೆ ಬಿಸಿಲಲ್ಲಿ ಬಹುದೂರ ನಡೆದವರು. ಬಿಸಿಲು ಎಲ್ಲರಿಗೂ ಒಂದೇ ಆಗಿತ್ತು. ಮರಳಿ ಹೋಗಿ ಮಲಗಲು ತಂಪಾದ ಕೋಣೆ ಎಲ್ಲರಿಗೂ ಇರಲಿಲ್ಲ. ಉಮ್ರಾದಲ್ಲಿ ಅಷ್ಟು ಜನಜಂಗುಳಿ ಇರುವುದಿಲ್ಲವಾದರೂ ದೇಹದ ಲೆಕ್ಕ ಅದೇ. ಸಫಾ-ಮರ್ವಾ ನಡುವಿನ ಸಈ ಒಂದೇ ಮೂರು ಕಿಲೋಮೀಟರಿಗಿಂತ ಹೆಚ್ಚು ನಡಿಗೆ. ಅದಕ್ಕೆ ಮುನ್ನ ತವಾಫ್, ಅದಕ್ಕೂ ಮುನ್ನ ವಿಮಾನ, ಬಸ್ಸು, ನಿದ್ದೆಗೆಟ್ಟ ರಾತ್ರಿ. ಅಷ್ಟು ದಣಿದ ದೇಹ ಚೇತರಿಸಿಕೊಳ್ಳುವುದು ಆ ಕೋಣೆಯಲ್ಲೇ.

ಹಾಗಾಗಿ ದುಡ್ಡು ಕೊಡುವ ಮುಂಚೆಯೇ ಕೇಳಿ. ಹೋಟೆಲಿನ ಹೆಸರೇನು? ಒಂದು ಕೋಣೆಗೆ ಎಷ್ಟು ಜನ? ಹರಮ್‌ಗೆ ಎಷ್ಟು ಮೀಟರ್, ದಾರಿ ಸಮತಟ್ಟೋ ಏರೋ? ಮಿಸ್ಫಲಾದ ಕೆಲವು ಓಣಿಗಳಲ್ಲಿ, ಅಜ್ಯಾದ್ ಕಡೆ, ಐನೂರು ಮೀಟರ್ ಎಂದರೂ ಗಾಲಿಕುರ್ಚಿ ತಳ್ಳುವವರಿಗೆ ಅದು ಒಂದು ಮೈಲಿಯಂತೆ. ಅಝೀಝಿಯಾದಂಥ ದೂರದ ಬಡಾವಣೆಯಾದರೆ ಬಸ್ಸು ಇದೆಯೇ, ಯಾವ ವೇಳೆಯಲ್ಲಿ ಎಂದು ವಿಚಾರಿಸಿ. ದೂರದ ಹೋಟೆಲ್ ಕೆಟ್ಟದ್ದೆಂದೇನಲ್ಲ. ಹರಮ್ ಪಕ್ಕದ ಇಕ್ಕಟ್ಟಿನ ಹಳೇ ಕಟ್ಟಡಕ್ಕಿಂತ ದೂರದ ಗಾಳಿಬೆಳಕಿನ ಕೋಣೆ ಮಂಡಿನೋವಿನ ಹಿರಿಯರಿಗೆ ವಾಸಿ ಎಂದೇ ನನ್ನ ಅಭಿಪ್ರಾಯ, ಆದರೆ ಮೊದಲೇ ಗೊತ್ತಿರಬೇಕು. ಏಜೆಂಟರು ಬಾಯಲ್ಲಿ ಹೇಳಿದ್ದನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆದು ಕಳಿಸಲಿ. ಆ ಸಂದೇಶ ಮುಂದೆ ಬೇಕಾಗುತ್ತದೆ.

ಸಾಮಾನು ಬಿಚ್ಚುವ ಮೊದಲು

ಕೋಣೆಯ ಬಾಗಿಲು ತೆರೆದಾಗ ಎಲ್ಲರಿಗೂ ಒಂದೇ ಆಸೆ, ಹಾಸಿಗೆಯ ಮೇಲೆ ಬೀಳುವುದು. ಹತ್ತು ನಿಮಿಷ ತಡೆಯಿರಿ. ಹಿರಿಯರನ್ನು ಕುರ್ಚಿಯ ಮೇಲೆ ಕೂರಿಸಿ ನೀರು ಕೊಡಿ. ಸೂಟ್‌ಕೇಸನ್ನು ಹಾಸಿಗೆಯ ಮೇಲಾಗಲಿ ಕಾರ್ಪೆಟ್ಟಿನ ಮೇಲಾಗಲಿ ಇಡದೆ ಬಚ್ಚಲುಮನೆಯ ಒಣನೆಲದಲ್ಲೋ ಮೇಜಿನ ಮೇಲೋ ಇಡಿ. ಏಕೆಂದರೆ ಮೊದಲು ಹುಡುಕಬೇಕಾದದ್ದು ತಿಗಣೆ.

ತಿಗಣೆ ನಮ್ಮ ಹಿರಿಯರಿಗೆ ಹೊಸದಲ್ಲ. ಹಗ್ಗದ ಮಂಚವನ್ನು ಬಿಸಿಲಿಗೆ ಹಾಕಿ ಕುಟ್ಟುತ್ತಿದ್ದುದು, ಸಂದಿಗೆ ಸೀಮೆಎಣ್ಣೆ ಬಿಡುತ್ತಿದ್ದುದು ಅವರಿಗೆ ನೆನಪಿದೆ. ನಡುವೆ ಕಡಿಮೆಯಾಗಿದ್ದ ಅದು ಈಗ ಜಗತ್ತಿನ ದೊಡ್ಡ ದೊಡ್ಡ ನಗರಗಳ ಹೋಟೆಲುಗಳಲ್ಲಿ ಮತ್ತೆ ಕಾಣಿಸಿಕೊಂಡಿದೆ. ಅದಕ್ಕೆ ಬಡವರ ಕೋಣೆ, ಸಾಹುಕಾರರ ಕೋಣೆ ಎಂಬ ಭೇದವಿಲ್ಲ. ಜನ ಬಂದು ಹೋಗುವ ಕಡೆಯೆಲ್ಲ ಪೆಟ್ಟಿಗೆಯೊಳಗೆ ಕೂತು ಪ್ರಯಾಣ ಮಾಡುತ್ತದೆ. ಮೊಬೈಲಿನ ಟಾರ್ಚ್ ಹಾಕಿ. ಚಾದರದ ಮೂಲೆ ಎತ್ತಿ ಗಾದಿಯ ಹೊಲಿಗೆ, ಅಂಚು, ತಲೆಯ ಕಡೆಯ ಹಲಗೆಯ ಹಿಂಭಾಗ, ಮಂಚದ ಕೀಲು ನೋಡಿ. ಶಾಯಿ ಚುಕ್ಕೆಯಂಥ ಕಪ್ಪು ಕಲೆ, ಸಣ್ಣ ರಕ್ತದ ಗುರುತು, ಒಣಗಿದ ಕಂದು ಪೊರೆ ಕಂಡರೆ ಅಲ್ಲಿ ತಿಗಣೆ ಇದೆ ಎಂದೇ ತಿಳಿಯಿರಿ. ತಿಗಣೆ ಕಚ್ಚಿದರೆ ರೋಗ ಹರಡುತ್ತದೆಂದು ಸಾಬೀತಾಗಿಲ್ಲ, ಹೆದರಬೇಕಾಗಿಲ್ಲ. ಆದರೆ ನಿದ್ದೆ ಹೋಗುತ್ತದೆ, ಕೆರೆದು ಕೆರೆದು ಚರ್ಮ ಒಡೆದರೆ ಕೀವಾಗುತ್ತದೆ, ಸಕ್ಕರೆ ಕಾಯಿಲೆಯವರಿಗೆ ಆ ಹುಣ್ಣು ಬೇಗ ಮಾಯುವುದಿಲ್ಲ. ಅದೂ ಅಲ್ಲದೆ ಅವು ನಿಮ್ಮ ಜೊತೆ ಊರಿಗೂ ಬರುತ್ತವೆ.

ಆಮೇಲೆ ಚಾದರ, ದಿಂಬಿನ ಗವಸು. ಹಿಂದಿನವರ ಕೂದಲು, ಕಲೆ ಇದ್ದರೆ ಬದಲಿಸಲು ಹೇಳಿ. ಎಸಿ ಹಾಕಿ, ಮಣ್ಣಿನ ಅಥವಾ ಬೂಷ್ಟಿನ ವಾಸನೆ ಬಂದರೆ ಅದರ ಜಾಲರಿ ತೊಳೆದು ಎಷ್ಟೋ ಕಾಲವಾಗಿದೆ ಎಂದರ್ಥ. ಅಸ್ತಮಾ ಇರುವವರು ಅಲ್ಲಿ ಮಲಗಬಾರದು. ಬಚ್ಚಲಿನ ಶವರ್ ಮತ್ತು ನಲ್ಲಿಯನ್ನು ಎರಡು ಮೂರು ನಿಮಿಷ ಬಿಟ್ಟು ನೀವು ಹೊರಗೆ ನಿಲ್ಲಿ. ದಿನಗಟ್ಟಲೆ ನಿಂತ ಉಗುರುಬೆಚ್ಚನೆ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನೀರಿನ ತುಂತುರಿನ ಜೊತೆ ಉಸಿರಿಗೆ ಸೇರಿದರೆ ನ್ಯುಮೋನಿಯಾ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸಮ್ಮೇಳನಕ್ಕೆ ಸೇರಿದ್ದವರಲ್ಲಿ ಹಲವರು ಸತ್ತಾಗಲೇ ಈ ರೋಗ ಜಗತ್ತಿಗೆ ಗೊತ್ತಾದದ್ದು.

ಕೊನೆಯದಾಗಿ ಬೆಂಕಿಯ ಸಮಯದ ಮೆಟ್ಟಿಲು ಎಲ್ಲಿದೆ ಎಂದು ಒಮ್ಮೆ ನಡೆದು ನೋಡಿ ಬನ್ನಿ. ಕೋಣೆಯೊಳಗೆ ರೈಸ್ ಕುಕ್ಕರ್ ಇಟ್ಟು ಬಿರಿಯಾನಿ ಮಾಡುವ ನಮ್ಮವರಿಗೆ ಇದು ಇನ್ನೂ ಮುಖ್ಯ. (ಮಾಡಬೇಡಿ. ಹಳೇ ವೈರಿಂಗ್, ಕಾರ್ಪೆಟ್ಟು, ಮುಚ್ಚಿದ ಕಿಟಕಿ. ಟೀ ಕೆಟಲಿನಲ್ಲಿ ಮೊಟ್ಟೆ ಬೇಯಿಸುವವರಿಗೂ ಇದೇ ಮಾತು. ನಿಮ್ಮ ನಂತರ ಅದರಲ್ಲಿ ಇನ್ನೊಬ್ಬರು ಮಗುವಿಗೆ ನೀರು ಕಾಯಿಸುತ್ತಾರೆ.)

ದೂರು ಹೇಳುವುದು ಹೇಗೆ

ಕೋಣೆ ಸರಿಯಿಲ್ಲದಿದ್ದರೆ ಸಾಮಾನು ಬಿಚ್ಚದೆ, ಹಾಸಿಗೆ ಮುಟ್ಟದೆ, ಫೋಟೊ ವಿಡಿಯೊ ತೆಗೆದುಕೊಂಡು ಕೆಳಗೆ ಹೋಗಿ. ಇಂಗ್ಲಿಷ್, ಅರಬಿ ಬರುವುದಿಲ್ಲವೆಂಬ ಚಿಂತೆ ಬೇಡ. ಮಕ್ಕಾ ಮದೀನಾದ ಹೋಟೆಲುಗಳಲ್ಲಿ ಪಾಕಿಸ್ತಾನ, ಬಾಂಗ್ಲಾ, ನಮ್ಮದೇ ದೇಶದ ಕೆಲಸಗಾರರು ಬಹಳ. ಶಿರಾದ ಸಂತೆಯಲ್ಲಿ ಮಾತಾಡುವ ದಖ್ಖನಿ ಉರ್ದುವೇ ಅಲ್ಲಿ ಸಾಕಷ್ಟು ಕೆಲಸ ಮಾಡುತ್ತದೆ. ಕೂಗಾಡಬೇಡಿ. ಹಾಸಿಗೆ ಬದಲಿಸುವ ಹುಡುಗ ನಿಮ್ಮ ಕೋಣೆಯನ್ನು ಕೊಳಕು ಮಾಡಿದವನಲ್ಲ, ಅವನೂ ಮನೆ ಬಿಟ್ಟು ಬಂದವನೇ. ಇಂಥ ಕೋಣೆ, ಇಂಥ ತೊಂದರೆ, ಬೇರೆ ಕೋಣೆ ಬೇಕು ಎಂದು ನೇರವಾಗಿ ಹೇಳಿ. ತಿಗಣೆ ಇದ್ದರೆ ಪಕ್ಕದ ಕೋಣೆ ಬೇಡ, ಗೋಡೆಯ ಸಂದಿಯಿಂದ ಅವು ದಾಟುತ್ತವೆ. ಬೇರೆ ಮಹಡಿ ಕೇಳಿ.

ಆಗುವುದಿಲ್ಲ ಎಂದರೆ ನಿಮ್ಮ ಗ್ರೂಪ್ ಲೀಡರನ್ನು ಕೋಣೆಗೇ ಕರೆತಂದು ತೋರಿಸಿ. ಒಬ್ಬರೇ ಹೇಳುವುದಕ್ಕಿಂತ ಅದೇ ತೊಂದರೆ ಇರುವ ನಾಲ್ಕು ಕುಟುಂಬ ಸೇರಿ ಹೇಳಿದರೆ ಬೇಗ ಕೆಲಸವಾಗುತ್ತದೆ. ಅದೂ ಫಲಿಸದಿದ್ದರೆ ಸೌದಿಯಲ್ಲಿ ಹೋಟೆಲ್ ದೂರಿಗೆ ಪ್ರವಾಸೋದ್ಯಮ ಸಚಿವಾಲಯದ 930, ಯಾತ್ರಿಕರ ತೊಂದರೆಗೆ ಹಜ್ಜ್-ಉಮ್ರಾ ಸಚಿವಾಲಯದ 1966 ಇದೆ. ಆರೋಗ್ಯದ ಸಲಹೆಗೆ 937, ಆ್ಯಂಬುಲೆನ್ಸ್‌ಗೆ 997. ಈ ನಾಲ್ಕನ್ನೂ ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದು ಹೋಟೆಲಿನ ವಿಳಾಸದ ಜೊತೆ ಪ್ರತಿಯೊಬ್ಬರ ಕೊರಳ ಚೀಲದಲ್ಲಿ ಹಾಕಿ. ಜಿದ್ದಾದಲ್ಲಿ ಭಾರತದ ಕಾನ್ಸುಲೇಟ್ ಇದೆ ಎಂಬುದೂ ನೆನಪಿರಲಿ.

ಹೇಳಿದ್ದೊಂದು, ಕೊಟ್ಟದ್ದೊಂದು ಎಂದಾದರೆ ಊರಿಗೆ ಬಂದ ಮೇಲೂ ದಾರಿ ಮುಚ್ಚಿರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಏಜೆಂಟರ ಕಚೇರಿ ಬೆಂಗಳೂರಿನಲ್ಲಿರಲಿ, ಮುಂಬೈಯಲ್ಲಿರಲಿ, ನೀವು ಹೋಗಬೇಕಾದದ್ದು ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಎರಡು ವರ್ಷದೊಳಗೆ ಕೊಡಬೇಕು. ನೀವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ಕೇಳಿದರೂ ದಾರಿ ಹೇಳುತ್ತಾರೆ. ರಸೀದಿ, ವಾಟ್ಸ್‌ಆ್ಯಪ್ ಸಂದೇಶ, ಮೊದಲ ದಿನದ ವಿಡಿಯೊ, ಇಷ್ಟಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಹತ್ತನೇ ದಿನ ತೆಗೆದ ವಿಡಿಯೊಗೆ ಅಷ್ಟು ತೂಕವಿಲ್ಲ.

ಯಾರೂ ಹೇಳಿಕೊಳ್ಳದ ತೊಂದರೆ

ಕೊರಟಗೆರೆಯ ಹಳ್ಳಿಯಿಂದ ಬಂದ ಅಜ್ಜಿಗೆ ಕಮೋಡ್ ಮೇಲೆ ಕೂತು ರೂಢಿಯಿಲ್ಲ. ಕೂರಲು ಮುಜುಗರ, ಹತ್ತಿ ಕೂತರೆ ಬೀಳುವ ಭಯ, ಕೋಣೆಯಲ್ಲಿ ಇನ್ನೂ ನಾಲ್ವರು. ಹಾಗಾಗಿ ಅವರು ಮೂರು ದಿನ ಮಲವಿಸರ್ಜನೆಗೇ ಹೋಗುವುದಿಲ್ಲ. ಹೊಟ್ಟೆ ಕಟ್ಟುತ್ತದೆ, ಊಟ ಸೇರುವುದಿಲ್ಲ, ಎಲ್ಲರೂ "ಇಲ್ಲಿಯ ಊಟ ಒಗ್ಗಿಲ್ಲ" ಎನ್ನುತ್ತಾರೆ. ಹೆಣ್ಣುಮಕ್ಕಳ ಕತೆ ಇನ್ನೊಂದು. ಹರಮ್‌ನಲ್ಲಿ ಶೌಚಾಲಯಕ್ಕೆ ದೂರ ನಡೆಯಬೇಕು, ಮತ್ತೆ ವುಝೂ ಮಾಡಬೇಕು, ಜಾಗ ಹೋಗುತ್ತದೆ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಎರಡನೇ ವಾರಕ್ಕೆ ಉರಿಮೂತ್ರ, ಚಳಿಜ್ವರ. ಎಷ್ಟೋ ಮನೆಗಳಲ್ಲಿ ಇದು ಗಂಡಸರ ಕಿವಿಗೆ ಬೀಳುವುದು ಜ್ವರ ಬಂದ ಮೇಲೆಯೇ.

ಇದಕ್ಕೆ ಊರಲ್ಲೇ ಸಿದ್ಧತೆ ಬೇಕು. ಹೊರಡುವ ತಿಂಗಳ ಮುಂಚೆ, ಕಮೋಡ್ ಇರುವ ನೆಂಟರ ಮನೆಗೆ ದಾದಿಯನ್ನು ನಾಲ್ಕು ದಿನ ಕಳಿಸಿ, ರೂಢಿಯಾಗಲಿ. ಕಾಲಿನ ಕೆಳಗಿಡಲು ಒಂದು ಗಿಡ್ಡ ಪ್ಲಾಸ್ಟಿಕ್ ಸ್ಟೂಲ್ ಇದ್ದರೆ ಅರ್ಧ ಕಷ್ಟ ತಪ್ಪಿತು. ಅಲ್ಲಿನ ಹೋಟೆಲುಗಳಲ್ಲಿ ಕೈ ಶವರ್ ಇರುತ್ತದೆ, ತಹಾರತ್‌ಗೆ ತೊಂದರೆಯಿಲ್ಲ. ತೊಂದರೆ ಒದ್ದೆ ನೆಲದ್ದು. ಐದು ಜನ ಒಂದಾದ ಮೇಲೊಂದು ವುಝೂ ಮಾಡಿದ ನೆಲದಲ್ಲಿ ಫಜ್ರ್‌ಗೆ ಮುನ್ನ ಜಾರಿಬಿದ್ದು ಸೊಂಟದ ಮೂಳೆ ಮುರಿದರೆ ಯಾತ್ರೆ ಅಲ್ಲಿಗೇ ಮುಗಿಯಿತು. ಹಳೇ ಟವೆಲ್ಲೊಂದನ್ನು ನೆಲಕ್ಕೇ ಮೀಸಲಿಡಿ, ಬಚ್ಚಲಿಗೆ ಜಾರದ ಚಪ್ಪಲಿ ಬೇರೆಯೇ ಇರಲಿ, ರಾತ್ರಿಯಿಡೀ ಬಚ್ಚಲಿನ ದೀಪ ಉರಿಯಲಿ. ಕಮೋಡ್ ಸೀಟು ಒರೆಸಲು ಡೆಟಾಲ್ ಹಾಕಿದ ನೀರು, ಒಂದು ಬಟ್ಟೆ ಸಾಕು. ಇಹ್ರಾಮ್‌ನಲ್ಲಿರುವಾಗ ಹೋಟೆಲ್ ಕೊಡುವ ಘಮಘಮಿಸುವ ಸೋಪು ಬಳಸುವಂತಿಲ್ಲ. ವಾಸನೆಯಿಲ್ಲದ ಸೋಪು ಊರಿಂದಲೇ ಒಯ್ಯಿರಿ. ಸೋಪೇ ಬೇಡವೆಂದು ಕೈ ತೊಳೆಯದೆ ಉಣ್ಣುವುದು ಬೇಡ.

ಕುಡಿಯುವ ನೀರಿನ ವಿಷಯ ಪಾವಗಡದವರಿಗೆ ಹೇಳಿಕೊಡಬೇಕಾಗಿಲ್ಲ. ಫ್ಲೋರೈಡ್ ನೀರಿನಿಂದ ಹಲ್ಲು ಕಲೆಯಾದವರನ್ನು, ಕೀಲು ಬಿಗಿದವರನ್ನು ನೋಡಿ ಬೆಳೆದವರು ನೀವು. ನಲ್ಲಿಯ ನೀರು ಬೇರೆ, ಕುಡಿಯುವ ನೀರು ಬೇರೆ ಎಂಬ ಲೆಕ್ಕ ನಿಮಗೆ ಗೊತ್ತು. ಅಲ್ಲೂ ಅದೇ ಲೆಕ್ಕ ಇರಲಿ. ಸಮುದ್ರದ ನೀರನ್ನು ಸಿಹಿ ಮಾಡಿ ಕೊಡುವ ವ್ಯವಸ್ಥೆ ಚೆನ್ನಾಗಿದ್ದರೂ, ಹೋಟೆಲಿನ ಮೇಲಿನ ಟ್ಯಾಂಕು ತೊಳೆದಿದ್ದಾರೋ ಇಲ್ಲವೋ ನಿಮಗೆ ಕಾಣುವುದಿಲ್ಲ. ಝಮ್‌ಝಮ್ ಅಥವಾ ಸೀಲ್ ಮಾಡಿದ ಬಾಟಲಿ ಕುಡಿಯಿರಿ. ಮೂತ್ರದ ಬಣ್ಣ ತೆಳು ಹಳದಿಯಿದ್ದರೆ ಸಾಕಷ್ಟು ನೀರು ಕುಡಿದಿದ್ದೀರಿ, ಗಾಢವಾದರೆ ಇನ್ನೂ ಬೇಕು. ಓಆರ್‌ಎಸ್ ಪುಡಿ ಸಿಗದಿದ್ದರೆ ಒಂದು ಲೀಟರಿಗೆ ಮಟ್ಟವಾದ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಹೃದಯ, ಕಿಡ್ನಿ ತೊಂದರೆಯವರು ಎಷ್ಟು ನೀರು ಎಂದು ವೈದ್ಯರನ್ನು ಮೊದಲೇ ಕೇಳಿರಬೇಕು.

ಐದು ಜನರ ಕೋಣೆಯಲ್ಲಿ ಒಬ್ಬರಿಗೆ ಕೆಮ್ಮು ಬಂದರೆ ನಾಲ್ಕು ದಿನದಲ್ಲಿ ಎಲ್ಲರಿಗೂ. 2003ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗ್‌ನ ಒಂದು ಹೋಟೆಲಿನ ಒಂಬತ್ತನೇ ಮಹಡಿಯಲ್ಲಿ ತಂಗಿದ್ದ ರೋಗಿಯೊಬ್ಬರಿಂದ ಸಾರ್ಸ್ ಅಲ್ಲಿನ ಅತಿಥಿಗಳಿಗೆ ತಗುಲಿ ವಿಯೆಟ್ನಾಂ, ಸಿಂಗಪುರ, ಕೆನಡಾದವರೆಗೆ ಹೋಯಿತು. ಲಿಫ್ಟಿನಲ್ಲಿ ಮಾಸ್ಕ್ ಹಾಕಿ. ಕೆಮ್ಮುವವರ ಮಂಚ ಉಳಿದವರಿಂದ ದೂರದ ಮೂಲೆಯಲ್ಲಿರಲಿ, ಹಗಲು ಸ್ವಲ್ಪ ಹೊತ್ತು ಕಿಟಕಿ ತೆರೆಯಿರಿ, ಎಸಿ 24-25ಕ್ಕಿಂತ ಕೆಳಗಿಳಿಸಬೇಡಿ. ಮೆನಿಂಜೈಟಿಸ್ ಲಸಿಕೆ ಕಾಗದಕ್ಕಾಗಿ ಮಾತ್ರ ಎಂದುಕೊಂಡವರಿದ್ದಾರೆ. 2000 ಮತ್ತು 2001ರ ಹಜ್ಜ್ ನಂತರ ಆ ರೋಗ ಹಲವು ದೇಶಗಳಿಗೆ ಹರಡಿದ ಮೇಲೆಯೇ ಈಗಿನ ನಾಲ್ಕು ಬಗೆಯ ಲಸಿಕೆ ಕಡ್ಡಾಯವಾದದ್ದು. ತಲುಪುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿರಬೇಕು. ಫ್ಲೂ ಲಸಿಕೆಯನ್ನೂ ಹಾಕಿಸಿಕೊಂಡರೆ ಒಳ್ಳೆಯದು. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಹೋಟೆಲಿನ ಫ್ರಿಜ್‌ನಲ್ಲಿ ಮಂಜು ಕಟ್ಟುವ ಕಡೆ ಇಡಬೇಡಿ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು.

ಝಿಯಾರತ್‌ಗೆ ಹೊರಟಾಗ

ಉಮ್ರಾ ಮುಗಿದ ಮರುದಿನವೇ ಝಿಯಾರತ್ ಬಸ್ಸು ಬಂದು ನಿಲ್ಲುತ್ತದೆ. ಅರಫಾ, ಮಿನಾ, ಮುಝ್ದಲಿಫಾ, ಜಬಲ್ ನೂರ್, ಒಂದೇ ಬೆಳಗಿನಲ್ಲಿ. ನನ್ನನ್ನು ಕೇಳಿದರೆ ಹಿರಿಯರಿಗೆ ಎರಡು ರಾತ್ರಿ ಸರಿಯಾದ ನಿದ್ದೆ ಆದ ಮೇಲೆ ಹೊರಡುವುದು ಸರಿ, ಬಸ್ಸನ್ನು ಗುಂಪಿನವರು ಮಾತಾಡಿ ಮುಂದೂಡಿಸಬಹುದು. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿ ಬೆಳೆದವರಿಗೆ ಜಬಲ್ ನೂರ್ ಕಂಡಾಗ ಇದೇನು ಮಹಾ ಅನಿಸಬಹುದು. ಆದರೆ ಮಧುಗಿರಿ ಹತ್ತಿದ್ದು ಇಪ್ಪತ್ತನೇ ವಯಸ್ಸಿನಲ್ಲಿ. ಈಗ ಅರವತ್ತು, ಬಿಪಿ ಮಾತ್ರೆ, ನೆತ್ತಿಯ ಮೇಲೆ ಅಲ್ಲಿಯ ಸೂರ್ಯ. ಹಿರಾ ಗುಹೆಯವರೆಗೆ ಹತ್ತುವುದು ಉಮ್ರಾದ ಭಾಗವಲ್ಲ. ಹತ್ತಲೇಬೇಕೆಂದರೆ ಫಜ್ರ್ ಆದ ಕೂಡಲೇ ಹೊರಟು ಬಿಸಿಲೇರುವ ಮುನ್ನ ಇಳಿಯಿರಿ. ಎದೆನೋವು, ಮಂಡಿನೋವಿನವರು ಕೆಳಗಿನಿಂದಲೇ ನೋಡಲಿ.

ಹುದೈಬಿಯಾ ಕಡೆಯ ದಾರಿಯಲ್ಲಿ ಒಂಟೆಗಳ ಬಳಿ ಗಾಡಿ ನಿಲ್ಲಿಸುತ್ತಾರೆ. ಮಕ್ಕಳಿಗೆ ಖುಷಿ, ಒಂಟೆಯ ಕೊರಳು ತಬ್ಬಿ ಫೋಟೊ, ಆಗತಾನೆ ಕರೆದ ಹಾಲಿನ ಲೋಟ. ಈ ಒಂದು ಜಾಗದಲ್ಲಿ ಗಟ್ಟಿಯಾಗಿ ಬೇಡ ಎನ್ನಿ. 2012ರಲ್ಲಿ ಸೌದಿಯಲ್ಲೇ ಮೊದಲು ಗುರುತಿಸಿದ ಮರ್ಸ್ ಎಂಬ ಉಸಿರಾಟದ ರೋಗ ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ, ಹಿರಿಯರಿಗೂ ಸಕ್ಕರೆ ಕಾಯಿಲೆಯವರಿಗೂ ಅದು ಪ್ರಾಣಕ್ಕೇ ಕುತ್ತು. ಕಾಯಿಸದ ಹಾಲಿನಿಂದ ಬ್ರುಸೆಲ್ಲಾ ಜ್ವರವೂ ಬರುತ್ತದೆ. ಕುರಿ ಸಾಕುವ ಶಿರಾ, ಪಾವಗಡದವರು ಹಸಿ ಹಾಲನ್ನು ಮನೆಯಲ್ಲಿ ಕುಡಿಯುವುದಿಲ್ಲ, ಅಲ್ಲಿ ಬರ್ಕತ್ ಎಂದು ಏಕೆ ಕುಡಿಯಬೇಕು? ದೂರದಿಂದ ನೋಡಿ, ಕಾಯಿಸಿದ್ದಾದರೆ ಕುಡಿಯಿರಿ.

ಮದೀನಾದ ದಿನಗಳು ಸ್ವಲ್ಪ ಆರಾಮ. ಉಹುದ್ ಮತ್ತು ಖುಬಾ ಮಸ್ಜಿದುನ್ನಬವಿಯಿಂದ ಕೆಲವೇ ಕಿಲೋಮೀಟರ್. ಅಸರ್ ಆದ ಮೇಲೆ ಹೊರಟರೆ ಸಂಜೆಯ ತಂಪಿನಲ್ಲಿ ನೋಡಿ ಬರಬಹುದು. ರಾತ್ರಿ ಮಲಗುವ ಮೊದಲು ಸಕ್ಕರೆ ಕಾಯಿಲೆಯವರ ಪಾದವನ್ನು ಮನೆಯವರೊಬ್ಬರು ದೀಪದಡಿ ನೋಡಲಿ. ಬರಿಗಾಲಲ್ಲಿ ಎದ್ದ ಬೊಬ್ಬೆ ಅವರಿಗೆ ಗೊತ್ತಾಗಿರುವುದಿಲ್ಲ. ತಲೆ ಬೋಳಿಸುವಾಗ ಹೊಸ ಬ್ಲೇಡ್ ನಿಮ್ಮ ಕಣ್ಣೆದುರೇ ಬಿಚ್ಚಬೇಕು, ಹಳೆಯದರಿಂದ ಹೆಪಟೈಟಿಸ್ ಬಿ, ಸಿ ಹರಡುತ್ತದೆ.

ಊರಿಗೆ ಬಂದ ದಿನ ನೆಂಟರು ತುಂಬಿರುತ್ತಾರೆ, ಎಲ್ಲರಿಗೂ ಖರ್ಜೂರ, ಝಮ್‌ಝಮ್ ಹಂಚಬೇಕು. ಹೋಟೆಲಲ್ಲಿ ತಿಗಣೆಯ ಗುರುತು ಕಂಡಿದ್ದರೆ ಸೂಟ್‌ಕೇಸನ್ನು ಮಲಗುವ ಕೋಣೆಗೆ ತರಬೇಡಿ, ಅಂಗಳದಲ್ಲೇ ಬಿಚ್ಚಿ. ಬಟ್ಟೆಗಳನ್ನು 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಿರಿ, ಒಗೆಯಲಾಗದ ಚೀಲ, ಮುಸಲ್ಲಾಗಳನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತಾರಸಿಯ ಬಿಸಿಲಿಗೆ ಹಾಕಿ, ಒಳಗಿನವರೆಗೂ ಕಾಯಬೇಕು. ಎರಡು ವಾರದೊಳಗೆ ಯಾರಿಗಾದರೂ ಜ್ವರ, ಉಸಿರುಗಟ್ಟುವ ಕೆಮ್ಮು, ಕುತ್ತಿಗೆ ಬಿಗಿದ ತಲೆನೋವು ಬಂದರೆ ಮೆಡಿಕಲ್ ಸ್ಟೋರಿನ ಮಾತ್ರೆಯಲ್ಲಿ ದಿನ ಕಳೆಯದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸುವಾಗಲೇ ಸೌದಿಯಿಂದ ಬಂದು ಎಷ್ಟು ದಿನವಾಯಿತು ಎಂದು ಹೇಳಿ.